ಜೈಲು ಸಿಬ್ಬಂದಿ ಶಾಸಕರ ಮನೆ ಬಾಗಿಲಿಗೆ ಹೋಗಬಹುದೇ?

ತನ್ನನ್ನು ಸ್ವಂತ ಊರಿನ ಜೈಲಿಗೆ ವರ್ಗ ಮಾಡಿ ಎಂದು ಶಾಸಕರ ಲೆಟರ್‌ಹೆಡ್‌ನಲ್ಲಿ ಬರೆಸಿಕೊಂಡು ಬಂದ ಕಾರಾಗೃಹ ವೀಕ್ಷಕನ ಮೇಲೆ ಇಲಾಖೆ ಶಿಸ್ತುಕ್ರಮ ಜರುಗಿಸಬಹುದು. ಅದೇ ವೀಕ್ಷಕ ತನ್ನ ಸಂಘದ ಪದಾಧಿಕಾರಿಯಾಗಿ, ಜೈಲಿನಲ್ಲಿ ಖಾಲಿ ಬಿದ್ದಿರುವ ಹುದ್ದೆಗಳನ್ನು ತುಂಬಿಸಿಕೊಡಿ ಎಂಬ ಮನವಿಯನ್ನು ಅದೇ ಶಾಸಕರ ಕೈಗಿತ್ತರೆ ಅದರ ಲೆಕ್ಕವೇ ಬೇರೆ. ಈ ವ್ಯತ್ಯಾಸ ಗೊತ್ತಿಲ್ಲದೆ ಕೆಲವರು ನೋಟಿಸ್ ಪಡೆಯುತ್ತಾರೆ. ಇನ್ನು ಎಷ್ಟೋ ಮಂದಿ ನೋಟಿಸಿಗೆ ಹೆದರಿ, ರಜೆ ಸಿಗದೆ ಪಾಳಿಯ ಮೇಲೆ ಪಾಳಿ ಮಾಡುತ್ತ ಬಾಯಿಮುಚ್ಚಿಕೊಂಡೇ ನಿವೃತ್ತರಾಗುತ್ತಾರೆ. ಕಾನೂನು ಅಷ್ಟೊಂದು ಮೌನವನ್ನು ಅವರಿಂದ ಕೇಳಿಲ್ಲ.

ಮೊದಲು, ಶಾಸಕರ ಬಳಿಗೇ ಏಕೆ ಹೋಗಬೇಕು? ಸಂವಿಧಾನದ ಏಳನೇ ಅನುಸೂಚಿಯ ರಾಜ್ಯಪಟ್ಟಿಯಲ್ಲಿ ನಾಲ್ಕನೆಯ ನಮೂದು ಕಾರಾಗೃಹಗಳದ್ದು. ಹೊಸ ಹುದ್ದೆ ಮಂಜೂರು ಮಾಡುವುದು, ವೇತನಶ್ರೇಣಿ ನಿಗದಿ ಮಾಡುವುದು, ವಸತಿಗೃಹಕ್ಕೆ ಹಣ ಕೊಡುವುದು ಎಲ್ಲವೂ ರಾಜ್ಯ ಸರ್ಕಾರದ ಕೆಲಸ. ಕಾರಾಗೃಹ ಇಲಾಖೆ ಒಳಾಡಳಿತ ಇಲಾಖೆಯಡಿ ಬರುತ್ತದೆ, ಅದರ ಅನುದಾನದ ಬೇಡಿಕೆ ಪ್ರತಿವರ್ಷ ವಿಧಾನಸಭೆಯ ಮುಂದೆ ಬರುತ್ತದೆ. ಸಂಸದರ ಪತ್ರದಿಂದ ಇಲ್ಲಿ ಹೆಚ್ಚೇನೂ ಆಗದು. ವಿಧಾನಸಭೆಯ 224 ಮತ್ತು ಪರಿಷತ್ತಿನ 75 ಸದಸ್ಯರೇ ಇದಕ್ಕೆ ಸರಿಯಾದ ವಿಳಾಸ.

ಇನ್ನು ಸಂಘ ಕಟ್ಟುವ ಹಕ್ಕು. ಜೈಲು ಸಿಬ್ಬಂದಿ ಖಾಕಿ ತೊಡುತ್ತಾರೆ, ಇಲಾಖೆಯ ಮುಖ್ಯಸ್ಥರು ಸಾಮಾನ್ಯವಾಗಿ ಐಪಿಎಸ್ ಅಧಿಕಾರಿ. ಹೀಗಾಗಿ ಪೊಲೀಸರಿಗಿರುವ ನಿರ್ಬಂಧವೆಲ್ಲ ತಮಗೂ ಇದೆ ಎಂದು ಹಲವರು ನಂಬಿದ್ದಾರೆ. 19(1)(ಸಿ) ವಿಧಿ ಎಲ್ಲ ನಾಗರಿಕರಿಗೂ ಸಂಘ ರಚಿಸುವ ಹಕ್ಕು ಕೊಡುತ್ತದೆ. ಸೇನೆ ಮತ್ತು ಸಾರ್ವಜನಿಕ ಸುವ್ಯವಸ್ಥೆಯ ಪಡೆಗಳ ಮಟ್ಟಿಗೆ ಅದನ್ನು ಮೊಟಕುಗೊಳಿಸಲು 33ನೇ ವಿಧಿ ಸಂಸತ್ತಿಗೆ ಅವಕಾಶ ಕೊಟ್ಟಿದೆ. ಆ ಅಧಿಕಾರದಿಂದ ಬಂದದ್ದು 1966ರ ಪೊಲೀಸ್ ಪಡೆಗಳ ಹಕ್ಕು ನಿರ್ಬಂಧ ಕಾಯ್ದೆ. 2016ರ ಜೂನ್ 4ರಂದು ಕರ್ನಾಟಕದ ಪೊಲೀಸರು ಸಾಮೂಹಿಕ ರಜೆಗೆ ಕರೆ ಕೊಟ್ಟು, ಅದರ ಮುಂದಾಳು ರಾಜದ್ರೋಹದ ಆರೋಪದಲ್ಲಿ ಜೈಲು ಸೇರಿದ್ದು ಇನ್ನೂ ಹಲವರ ನೆನಪಿನಲ್ಲಿದೆ. ಆದರೆ 1966ರ ಕಾಯ್ದೆ ಅನ್ವಯವಾಗುವುದು ಅದರ ಅನುಸೂಚಿಯಲ್ಲಿರುವ ಪೊಲೀಸ್ ಕಾಯ್ದೆಗಳಡಿ ನೇಮಕವಾದವರಿಗೆ. ಜೈಲಿನ ವೀಕ್ಷಕ, ಮುಖ್ಯ ವೀಕ್ಷಕ, ಜೈಲರ್ ಕೆಲಸ ಮಾಡುವುದು ಕಾರಾಗೃಹ ಕಾಯ್ದೆಯಡಿ.

ಮಾನ್ಯತೆ ಇಲ್ಲದ ಸಂಘಕ್ಕೆ ಸೇರಿದ ಮಾತ್ರಕ್ಕೆ ಕ್ರಮ ಕೈಗೊಳ್ಳುವ ಕೇಂದ್ರ ಸರ್ಕಾರದ ನಿಯಮವೊಂದನ್ನು ಸುಪ್ರೀಂ ಕೋರ್ಟ್ 1962ರಲ್ಲೇ, ಓ.ಕೆ. ಘೋಷ್ ಪ್ರಕರಣದಲ್ಲಿ ರದ್ದು ಮಾಡಿತು. ಹಾಗೆಂದು ಮಾನ್ಯತೆ ಬೇಡವೆಂದಲ್ಲ. ಸರ್ಕಾರ ಮಾತುಕತೆಗೆ ಕರೆಯುವುದು ಮಾನ್ಯತೆ ಪಡೆದ ಸೇವಾ ಸಂಘವನ್ನೇ. ಕನಿಷ್ಠ ಏಳು ಮಂದಿ ಸೇರಿ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಬೈಲಾ ಸಮೇತ ನೋಂದಾಯಿಸಿಕೊಂಡು, ಆಮೇಲೆ ಮಾನ್ಯತೆಗೆ ಅರ್ಜಿ ಹಾಕುವುದು ಕ್ರಮ. ಕಾರ್ಮಿಕ ಕಾನೂನಿನ ದಾರಿ ಮಾತ್ರ ಇವರಿಗೆ ಮುಚ್ಚಿದೆ. ಕೈಗಾರಿಕಾ ವಿವಾದ ಕಾಯ್ದೆ ಪೊಲೀಸರ ಜೊತೆಗೆ ಜೈಲು ನೌಕರರನ್ನೂ ‘ಕಾರ್ಮಿಕ’ ಎಂಬ ವ್ಯಾಖ್ಯೆಯಿಂದ ಹೆಸರಿಸಿಯೇ ಹೊರಗಿಟ್ಟಿತ್ತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಅದನ್ನೇ ಮುಂದುವರಿಸಿದೆ. ಎತ್ತರದ ಗೋಡೆಯಾಚೆ ದಿನವಿಡೀ ದುಡಿಯುವವರನ್ನು ದುಡಿಯುವವರೆಂದು ಕರೆಯಲು ಕಾನೂನು ಒಪ್ಪದಿರುವುದು ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಮುಷ್ಕರದ ಹಕ್ಕಂತೂ ಇಲ್ಲ. 1962ರ ಕಾಮೇಶ್ವರ ಪ್ರಸಾದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸರ್ಕಾರಿ ನೌಕರರ ಶಾಂತಿಯುತ ಪ್ರದರ್ಶನವನ್ನೂ ಸಾರಾಸಗಟಾಗಿ ನಿಷೇಧಿಸುವಂತಿಲ್ಲ ಎಂದಿತು, ಆದರೆ ಮುಷ್ಕರ ಮೂಲಭೂತ ಹಕ್ಕಲ್ಲ ಎಂದೂ ಹೇಳಿತು. 2003ರಲ್ಲಿ ತಮಿಳುನಾಡಿನ ರಂಗರಾಜನ್ ಪ್ರಕರಣದಲ್ಲಿ ಅದನ್ನು ಇನ್ನಷ್ಟು ಕಟುವಾಗಿ ಪುನರುಚ್ಚರಿಸಿತು. ಹೊರದೇಶದಲ್ಲೂ ಇದರ ಬೆಲೆ ದುಬಾರಿಯೇ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ 2025ರ ಫೆಬ್ರುವರಿ 17ರಿಂದ ಮೂರು ವಾರ ಜೈಲು ಅಧಿಕಾರಿಗಳು ಕಾನೂನು ಮೀರಿ ಮುಷ್ಕರ ಹೂಡಿದರು, 2,000ಕ್ಕೂ ಹೆಚ್ಚು ಮಂದಿ ಕೆಲಸ ಕಳೆದುಕೊಂಡರು. ಮುಷ್ಕರದ ಬಾಗಿಲು ಮುಚ್ಚಿದ ಮೇಲೆ ಉಳಿಯುವುದು ಶಾಸನಸಭೆಯ ಬಾಗಿಲು.

ಆ ಬಾಗಿಲಲ್ಲಿ ಎಚ್ಚರ ಬೇಕಾದದ್ದು ನಡತೆ ನಿಯಮಗಳ ಬಗ್ಗೆ. ಕರ್ನಾಟಕದ ನಡತೆ ನಿಯಮಗಳ ಪ್ರಕಾರ ತನ್ನ ಸೇವಾ ವಿಷಯಕ್ಕಾಗಿ ಮೇಲಧಿಕಾರಿಯ ಮೇಲೆ ರಾಜಕೀಯ ಒತ್ತಡ ತರುವುದು ದುರ್ನಡತೆ. ವರ್ಗಾವಣೆ, ಬಡ್ತಿ, ಅಮಾನತು ರದ್ದತಿಯಂಥ ಒಬ್ಬರ ಕೆಲಸವನ್ನು ಸಂಘದ ಮನವಿಯೊಳಗೆ ನುಸುಳಿಸಲೇಬೇಡಿ. ಹೆಂಡತಿಯಿಂದಲೋ ಅಣ್ಣನಿಂದಲೋ ಬರೆಸಿದರೂ ಅದು ನೌಕರನೇ ತಂದ ಪ್ರಭಾವ ಎಂದು ಇಲಾಖೆ ವಾದಿಸಬಹುದು. ಮನವಿ ಇರಬೇಕಾದದ್ದು ಹುದ್ದೆಯ ಬಗ್ಗೆ, ವ್ಯಕ್ತಿಯ ಬಗ್ಗೆ ಅಲ್ಲ. ಮೂಲ ಪ್ರತಿಯನ್ನು ಇಲಾಖಾ ಮುಖ್ಯಸ್ಥರ ಮೂಲಕ ಒಳಾಡಳಿತ ಇಲಾಖೆಗೆ ಕಳಿಸಿ, ಸ್ವೀಕೃತಿ ಪಡೆದು, ಅದರ ಪ್ರತಿಯನ್ನು ಸಂಘದ ಪತ್ರದಲ್ಲಿ ಪದಾಧಿಕಾರಿಗಳ ಸಹಿಯೊಂದಿಗೆ ಶಾಸಕರಿಗೆ ಕೊಡುವುದು ಕ್ಷೇಮ. ಸಮವಸ್ತ್ರದಲ್ಲಿ, ಕರ್ತವ್ಯದ ಅವಧಿಯಲ್ಲಿ ಹೋಗಬೇಡಿ. ಶಾಸಕರ ಜೊತೆಗಿನ ಫೋಟೊವನ್ನು ಸ್ಟೇಟಸ್‌ಗೆ ಹಾಕುವ ಆಸೆಯನ್ನೂ ಬಿಡಿ.

ಮನವಿಯ ತೂಕ ಇರುವುದು ಅಂಕಿಗಳಲ್ಲಿ. ‘ಸಿಬ್ಬಂದಿ ಕೊರತೆ ತೀವ್ರವಾಗಿದೆ’ ಎಂದು ಬರೆದರೆ ಶಾಸಕರ ಆಪ್ತ ಸಹಾಯಕ ಅದನ್ನು ಕಡತಕ್ಕೆ ಸೇರಿಸಿ ಮರೆತುಬಿಡುತ್ತಾನೆ. ಬದಲಿಗೆ ನಿಮ್ಮ ಜೈಲಿಗೆ, ಅದು ಹಿಂಡಲಗಾ ಇರಲಿ ಬಳ್ಳಾರಿ ಇರಲಿ, ಮಂಜೂರಾದ ಹುದ್ದೆ, ಭರ್ತಿಯಾದದ್ದು, ಖಾಲಿ ಇರುವುದು, ಬಂದಿಗಳ ಅಧಿಕೃತ ಸಾಮರ್ಥ್ಯ ಮತ್ತು ಈಗಿರುವ ಸಂಖ್ಯೆ, ಇವಿಷ್ಟನ್ನು ಒಂದು ಪುಟದ ಕೋಷ್ಟಕವಾಗಿಸಿ. ಪಕ್ಕದಲ್ಲಿ 2016ರ ಮಾದರಿ ಕಾರಾಗೃಹ ಕೈಪಿಡಿಯ ಅಳತೆ ಬರೆಯಿರಿ: ಆರು ಬಂದಿಗಳಿಗೆ ಒಬ್ಬ ಕಾವಲು ಸಿಬ್ಬಂದಿ. ಅಂಕಿಗಳನ್ನು ಕಚೇರಿಯ ಕಡತದಿಂದ ನಕಲು ಮಾಡಬೇಡಿ, ಅದು ಅಧಿಕೃತ ಮಾಹಿತಿ ಸೋರಿಕೆಯ ಆರೋಪಕ್ಕೆ ದಾರಿ. ಮಾಹಿತಿ ಹಕ್ಕಿನಡಿ ₹10 ಶುಲ್ಕ ಕಟ್ಟಿ ಕೇಳಿ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗಿರಬೇಕು. ಏಕೆ ಕೇಳುತ್ತಿದ್ದೀರಿ ಎಂದು ಹೇಳಬೇಕಾಗಿಲ್ಲ. 30 ದಿನದೊಳಗೆ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಸಲ್ಲಿಸಿ. ಯಾವ ಬ್ಯಾರಕ್‌ಗೆ ಯಾವ ಹೊತ್ತಿನಲ್ಲಿ ಕಾವಲಿಲ್ಲ, ಯಾವ ಕ್ಯಾಮೆರಾ ಕೆಟ್ಟಿದೆ, ಯಾವ ಬಂದಿ ಎಲ್ಲಿದ್ದಾನೆ ಎಂಬ ಒಂದು ಸಾಲೂ ಮನವಿಯಲ್ಲಿ ಇರಕೂಡದು.

ಮನವಿ ಕೊಟ್ಟಮೇಲೆ ‘ನೋಡೋಣ’ ಎನ್ನಿಸಿಕೊಂಡು ಬರಬೇಡಿ. ಇಂಥದ್ದನ್ನು ಮಾಡಿಕೊಡಿ ಎಂದು ನಿರ್ದಿಷ್ಟವಾಗಿ ಕೇಳಿ. ಶಾಸಕರು ಚುಕ್ಕೆ ಗುರುತಿನ ಪ್ರಶ್ನೆ ಕೇಳಬಹುದು, ಆಗ ಗೃಹ ಸಚಿವರು ಸದನದಲ್ಲೇ ಉತ್ತರಿಸಬೇಕು, ಉಪಪ್ರಶ್ನೆಯೂ ಬರುತ್ತದೆ. ಚುಕ್ಕೆರಹಿತ ಪ್ರಶ್ನೆಗೆ ಲಿಖಿತ ಉತ್ತರ. ಗಮನ ಸೆಳೆಯುವ ಸೂಚನೆ ಮತ್ತು ಬೇಡಿಕೆಗಳ ಮೇಲಿನ ಚರ್ಚೆಯೂ ಇವೆ. ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ಹೆಚ್ಚು ಫಲ ಕೊಡಬಲ್ಲದ್ದು ಸದನದ ಅರ್ಜಿಗಳ ಸಮಿತಿ. ಸದಸ್ಯರೊಬ್ಬರ ಮೂಲಕ ಅಲ್ಲಿಗೆ ಹೋದ ಅರ್ಜಿಗೆ ಇಲಾಖೆ ವಿವರಣೆ ಕೊಡಬೇಕಾಗುತ್ತದೆ. ಕೋರ್ಟಿನ ಮುಂದಿರುವ ವಿಷಯ ಮಾತ್ರ ಅಲ್ಲಿ ನಡೆಯದು. ಜೈಲಿನ ಸಂದರ್ಶಕರ ಮಂಡಳಿಯಲ್ಲಿ ಶಾಸಕರಿಗೂ ಸ್ಥಾನ ಇರಬೇಕೆಂದು ಮಾದರಿ ಕೈಪಿಡಿ ಹೇಳುತ್ತದೆ. ಮಂಡಳಿಯ ಭೇಟಿಗೆ ಬನ್ನಿ, ವಸತಿಗೃಹದ ಸೋರುವ ಚಾವಣಿ ಕಣ್ಣಾರೆ ನೋಡಿ ಎಂದು ಕೇಳುವುದರಲ್ಲಿ ತಪ್ಪೇನೂ ಇಲ್ಲ.

ಮತದಾರರಾಗಿಯೂ ನಿಮಗೊಂದು ಬಲವಿದೆ. ಪದವಿ ಪಡೆದು ಮೂರು ವರ್ಷ ಕಳೆದ ಸಿಬ್ಬಂದಿ ನಮೂನೆ 18 ತುಂಬಿ ಪರಿಷತ್ತಿನ ಪದವೀಧರ ಕ್ಷೇತ್ರದ ಪಟ್ಟಿಗೆ ಹೆಸರು ಸೇರಿಸಬಹುದು. ಪದವೀಧರ ವೀಕ್ಷಕರು ಈಗ ಬಹಳ ಮಂದಿ ಇದ್ದಾರೆ, ಪಟ್ಟಿಗೆ ಸೇರುವವರು ಕಡಿಮೆ. ಮತ ಹಾಕುವುದಷ್ಟೇ ನಿಮ್ಮ ಹಕ್ಕು ಎಂಬುದು ನೆನಪಿರಲಿ. ಪ್ರಚಾರಕ್ಕೆ ಇಳಿದರೆ ನಡತೆ ನಿಯಮ ಅಡ್ಡ ಬರುತ್ತದೆ, ಅಭ್ಯರ್ಥಿಯ ಏಜೆಂಟರಾದರೆ ಪ್ರಜಾಪ್ರಾತಿನಿಧ್ಯ ಕಾಯ್ದೆಯ 134ಎ ಪ್ರಕರಣದಡಿ ಶಿಕ್ಷೆಯೇ ಇದೆ.

ಇಷ್ಟೆಲ್ಲ ಎಚ್ಚರ ವಹಿಸಿದರೂ ನೋಟಿಸ್ ಬಂದರೆ ಗಾಬರಿಯಾಗಿ ಕ್ಷಮಾಪಣೆ ಬರೆದುಕೊಡಬೇಡಿ. ಕೊಟ್ಟ ಗಡುವಿನೊಳಗೆ ಲಿಖಿತ ಉತ್ತರ ಕೊಡಿ, ಮನವಿಯ ಪ್ರತಿ ಮತ್ತು ಸ್ವೀಕೃತಿ ಲಗತ್ತಿಸಿ. ದಂಡನೆಯಾದರೆ 1957ರ ಸಿಸಿಎ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳಡಿ ಮೇಲ್ಮನವಿ ಹಾಕಿ. ಅಲ್ಲೂ ನ್ಯಾಯ ಸಿಗದಿದ್ದರೆ ಅಂತಿಮ ಆದೇಶದ ದಿನದಿಂದ ಒಂದು ವರ್ಷದೊಳಗೆ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ ಹೋಗಬಹುದು. ಮೇಲ್ಮನವಿ ಆರು ತಿಂಗಳಾದರೂ ಇತ್ಯರ್ಥವಾಗದೆ ಕೂತಿದ್ದರೆ, ಆ ಆರು ತಿಂಗಳು ಮುಗಿದ ದಿನದಿಂದ ಒಂದು ವರ್ಷದ ಗಡುವು ಶುರುವಾಗುತ್ತದೆ.