ಕೆಪಾಸಿಟರ್ ಎರಡನೇ ಬ್ಯಾಟರಿಯಲ್ಲ: ತಿದ್ದಿಕೊಂಡ ಒಂದು ಪಾಠ

ತರಗತಿ: 10. ಘಟಕ: ವಿದ್ಯುಚ್ಛಕ್ತಿ. ಸ್ಥಳ: ಕಮಲಾಪುರದ ಒಂದು ಪ್ರೌಢಶಾಲೆ.

ಕಲಬುರಗಿ ಕೋಟೆಯ ಹತ್ತಿರವಿರುವ ನಮ್ಮ ಕಾಕಾನ ಮಗನ ಬಳಿ ದೊಡ್ಡ ರಿಮೋಟ್ ಕಾರೊಂದಿದೆ. ಬ್ಯಾಟರಿ ವಯರು ಸ್ಪೀಡ್ ಕಂಟ್ರೋಲರಿಗೆ ಸೇರುವಲ್ಲಿ ಅವನು ಹೆಚ್ಚುವರಿ ಕೆಪಾಸಿಟರ್ ಬೆಸೆದಿದ್ದಾನೆ. ಅಭ್ಯಾಸ ಬೋಧನೆಗೆ ಅದನ್ನೇ ಒಯ್ದೆ. ಕೆಪಾಸಿಟರ್ ಈ ತರಗತಿಯ ಪಠ್ಯದಲ್ಲಿಲ್ಲ, ಆದರೆ ಕಾರು ಕಂಡ ಮಕ್ಕಳು ಬಿಡುತ್ತಾರೆಯೇ? "ಈ ಡಬ್ಬಿ ಏನ್ರಿ ಸರ್?" ಎಂದರು. "ಬ್ಯಾಟರಿಗೆ ಭಾರವಾದಾಗ ಶಕ್ತಿ ಕೊಡುವ ಎರಡನೇ ಬ್ಯಾಟರಿ" ಎಂದುಬಿಟ್ಟೆ.

ಹಿಂದಿನ ಬೆಂಚಿನ ಹುಡುಗಿ ಎದ್ದಳು. "ಹಂಗಾದ್ರ ಬ್ಯಾಟರಿ ತಗದು ಓಡಸ್ರಿ ಸರ್."

ಗಾಲಿ ತಾಗದಂತೆ ಕಾರನ್ನು ಮರದ ತುಂಡಿನ ಮೇಲಿಟ್ಟು, ಬ್ಯಾಟರಿ ಕಳಚಿ ಟ್ರಿಗರ್ ಒತ್ತಿದೆ. ಗಾಲಿ ಅಲುಗಲಿಲ್ಲ. ಗಂಟೆ ಹೊಡೆದದ್ದರಿಂದ ಉಳಿದೆ. ವೀಕ್ಷಣಾ ಪುಸ್ತಕದಲ್ಲಿ ಮೇಲ್ವಿಚಾರಕರು ಬರೆದದ್ದು ಎರಡೇ ಪದ: "ಲೆಕ್ಕ ಮಾಡಿ."

ರಾತ್ರಿ ಮಾಡಿದೆ. 1000 ಮೈಕ್ರೋಫ್ಯಾರಡ್ ಕೆಪಾಸಿಟರ್ 25 ವೋಲ್ಟಿನಲ್ಲಿ ಹಿಡಿಯುವ ಶಕ್ತಿ ಸುಮಾರು 0.31 ಜೂಲ್. 22.2 ವೋಲ್ಟ್, 5 ಆಂಪಿಯರ್-ಗಂಟೆಯ ಬ್ಯಾಟರಿಯದು ಸುಮಾರು 4 ಲಕ್ಷ ಜೂಲ್! ಎರಡನೇ ಬ್ಯಾಟರಿ ಎಂಬ ಮಾತು ಅಲ್ಲಿಗೇ ಬಿದ್ದುಹೋಯಿತು. ಹಾಗಾದರೆ ಅದನ್ನೇಕೆ ಹಾಕುತ್ತಾರೆ?

ಮರುದಿನ ನನ್ನ ತಪ್ಪು ಒಪ್ಪಿಕೊಂಡೇ ಆರಂಭಿಸಿದೆ. ಇಲ್ಲಿಯ ಎಷ್ಟೋ ಮಕ್ಕಳ ಮನೆಯಲ್ಲಿ ಕೆಂಪು ಬಾಳೆಯ ತೋಟವಿದೆ. "ಉದ್ದನೆಯ ಪೈಪಿನ ವಾಲ್ವ್ ಒಮ್ಮೆಲೇ ಮುಚ್ಚಿದರೆ?" ಎಂದು ಕೇಳಿದೆ. "ಪೈಪ್ ಒದೀತದ್ರಿ!" ಹರಿಯುವ ನೀರು ತಟ್ಟನೆ ನಿಲ್ಲದು. ವಯರಿನಲ್ಲಿ ಹರಿಯುವ ವಿದ್ಯುತ್ತೂ ಹಾಗೆಯೇ, ಅದರ ಸ್ವಪ್ರೇರಕತೆಯಿಂದಾಗಿ. ಕಂಟ್ರೋಲರ್ ಸೆಕೆಂಡಿಗೆ ಸಾವಿರಾರು ಸಲ ತೆರೆದು ಮುಚ್ಚುವ ವಾಲ್ವ್. ಪ್ರತಿ ಸಲವೂ ವೋಲ್ಟೇಜ್ ಜಿಗಿಯುತ್ತದೆ, ಕುಸಿಯುತ್ತದೆ. ವಾಲ್ವಿನ ಪಕ್ಕದಲ್ಲೇ ಒಂದು ಬಾನಿ ಇಟ್ಟರೆ ಪೈಪಿನ ನೀರು ನಿಲ್ಲದೆ ಅದರೊಳಗೆ ಬೀಳುತ್ತಿರುತ್ತದೆ. ಕೆಪಾಸಿಟರ್ ಆ ಬಾನಿ. 100 ಆಂಪಿಯರನ್ನು ಅದೊಂದೇ 10 ಮೈಕ್ರೋಸೆಕೆಂಡ್ ಕೊಟ್ಟರೂ ವೋಲ್ಟೇಜ್ ಇಳಿಯುವುದು 1 ವೋಲ್ಟ್ ಮಾತ್ರ. ಅಷ್ಟು ಹೊತ್ತಿಗೆ ಅಷ್ಟು ಸಾಕು. ದೊಡ್ಡ ಕಾರಿನಲ್ಲಿ ವಿದ್ಯುತ್ ಹೆಚ್ಚು, ವಯರೂ ಉದ್ದ, ಅದಕ್ಕೇ ಹೆಚ್ಚುವರಿ ಬಾನಿ.

ಈ ಪಾಠ ಮಾಡುವವರಿಗೆ ಒಂದು ಮಾತು: ಆರು ಸೆಲ್ಲಿನ ಲಿಪೋ ಬ್ಯಾಟರಿ ತುಂಬಿದಾಗ 25.2 ವೋಲ್ಟ್ ಇರುತ್ತದೆ. 25 ವೋಲ್ಟಿನ ಕೆಪಾಸಿಟರ್ ಸಲ್ಲದು, 35 ವೋಲ್ಟಿನದು ಬೇಕು. ಧನ-ಋಣ ತಿರುಗುಮುರುಗಾದರೆ ಸಿಡಿಯಬಹುದು, ಆದ್ದರಿಂದ ಬೆಸುಗೆಯನ್ನು ಮಕ್ಕಳ ಕೈಗೆ ಕೊಡಬೇಡಿ.

ಕೊನೆಗೆ ಅದೇ ಹುಡುಗಿ, "ವಯರ್ ಗಿಡ್ಡ ಮಾಡಿದ್ರ ಸಾಲಂಗಿಲ್ಲೇನ್ರಿ ಸರ್?"

ಎಷ್ಟೋ ಸಲ ಸಾಲುತ್ತದೆ. ಮೊದಲು ಮಾಡಬೇಕಾದದ್ದೂ ಅದೇ. ನನ್ನ ಪಾಠಯೋಜನೆಯಲ್ಲಿ ಅದಿರಲಿಲ್ಲ. ಈಗ ಸೇರಿಸಿದ್ದೇನೆ.