ನಾಣ್ಯ ಚಿಮ್ಮಿ ಕಲಿತ ಪಾಠ: ಮೂತ್ರಪಿಂಡದ ಅನುವಂಶೀಯ ಕಾಯಿಲೆಗಳು

ತರಗತಿ: 10
ವಿಷಯ: ವಿಜ್ಞಾನ
ಘಟಕ: ಅನುವಂಶೀಯತೆ
ಅವಧಿ: 40 ನಿಮಿಷ
ಶಾಲೆ: ಗೋಕಾಕ ತಾಲ್ಲೂಕಿನ ಒಂದು ಪ್ರೌಢಶಾಲೆ

ಉದ್ದೇಶ: ಜನ್ಮಜಾತ ಮತ್ತು ಅನುವಂಶೀಯ ದೋಷಗಳ ವ್ಯತ್ಯಾಸ ತಿಳಿಯುವುದು, ಸಂಭವನೀಯತೆಯನ್ನು ಸರಿಯಾಗಿ ಅರ್ಥೈಸುವುದು.

ಪೀಠಿಕೆ: ಕೆಲವರು ಒಂದೇ ಮೂತ್ರಪಿಂಡದೊಂದಿಗೆ ಹುಟ್ಟುತ್ತಾರೆ. ಕೆಲವರಲ್ಲಿ ಎರಡೂ ಕೂಡಿಕೊಂಡು ಕುದುರೆ ಲಾಳದ ಆಕಾರ ತಾಳಿರುತ್ತವೆ. ಇವು ಜನ್ಮಜಾತ, ಆದರೆ ಹುಟ್ಟಿನಿಂದ ಬಂದದ್ದೆಲ್ಲ ತಂದೆತಾಯಿಯಿಂದ ಬಂದದ್ದಲ್ಲ. ಪಾಲಿಸಿಸ್ಟಿಕ್ ಕಿಡ್ನಿ ಕಾಯಿಲೆ ಇದಕ್ಕೆ ಬಹುಮಟ್ಟಿಗೆ ವಿರುದ್ಧ. ಜೀನು ಹುಟ್ಟಿನಿಂದಲೇ ಇದ್ದರೂ ನೀರುಗುಳ್ಳೆಗಳು ನಿಧಾನವಾಗಿ ಬೆಳೆದು, ಲಕ್ಷಣಗಳು ಸಾಮಾನ್ಯವಾಗಿ 30–40ರ ವಯಸ್ಸಿನಲ್ಲಿ ಕಾಣುತ್ತವೆ.

ಪ್ರಸ್ತುತಿ: ಈ ಕಾಯಿಲೆಯ ಪ್ರಬಲ ವಿಧದ ಮುಖ್ಯ ಜೀನುಗಳು 16 ಮತ್ತು 4ನೆಯ ವರ್ಣತಂತುಗಳಲ್ಲಿವೆ. ಅವು ಲಿಂಗ ವರ್ಣತಂತುಗಳಲ್ಲ. ಆದ್ದರಿಂದ ತಂದೆಯಿಂದಲೂ ಬರಬಹುದು, ತಾಯಿಯಿಂದಲೂ ಬರಬಹುದು. ಮಗ, ಮಗಳು ಇಬ್ಬರಿಗೂ ಸಮಾನ ಸಾಧ್ಯತೆ. ಹಲಗೆಯ ಮೇಲೆ ಚೌಕ ಬರೆದು "ನಾಲ್ಕರಲ್ಲಿ ಎರಡು, ಅಂದರೆ ಅರ್ಧ" ಎಂದೆ.

ಆಗ ಒಬ್ಬ ವಿದ್ಯಾರ್ಥಿನಿ ಎದ್ದು ಕೇಳಿದಳು: "ಮೊದಲನೇ ಮಗಗ ಬಂತಂದ್ರ ಎರಡನೇದಕ್ಕ ಬರೂದಿಲ್ಲಲ್ರೀ ಸರ್?"

ತಪ್ಪು ಅವಳದಲ್ಲ, ನನ್ನ ಚೌಕದ್ದು. ನಾಲ್ಕು ಮನೆಗಳನ್ನು ಮಕ್ಕಳು ನಾಲ್ಕು ಮಕ್ಕಳೆಂದೇ ಓದಿದ್ದರು.

ಚಟುವಟಿಕೆ: ಪ್ರತಿ ಜೋಡಿಗೂ ಒಂದು ನಾಣ್ಯ ಕೊಟ್ಟು ಎರಡು ಬಾರಿ ಚಿಮ್ಮಲು ಹೇಳಿದೆ. ಒಂದೊಂದು ಚಿಮ್ಮುವಿಕೆ ಒಂದೊಂದು ಮಗು. ತಲೆ ಬಿದ್ದರೆ ಜೀನು ಬಂದಂತೆ. ಕೆಲವು ಜೋಡಿಗೆ ಎರಡೂ ತಲೆ, ಕೆಲವಕ್ಕೆ ಒಂದೂ ಇಲ್ಲ. ಹಿಂದಿನ ಫಲಿತಾಂಶ ನಾಣ್ಯಕ್ಕೆ ನೆನಪಿರುವುದಿಲ್ಲ ಎಂಬುದನ್ನು ಮಕ್ಕಳೇ ಹೇಳಿದರು. ಬಳಿಕ ಅಪ್ರಬಲ ವಿಧಕ್ಕೆ ಎರಡು ನಾಣ್ಯಗಳನ್ನು ಒಟ್ಟಿಗೆ ಚಿಮ್ಮಿದೆವು: ತಂದೆತಾಯಿ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಮಗುವಿಗೂ ಕಾಲುಭಾಗ ಸಾಧ್ಯತೆ. ಅಕ್ಕನ ಮಗಳನ್ನು ತರುವ ಮನೆಗಳಲ್ಲಿ ಇಬ್ಬರೂ ಒಂದೇ ಜೀನಿನ ವಾಹಕರಾಗುವ ಸಂಭವ ಏಕೆ ಹೆಚ್ಚು ಎಂಬುದನ್ನು ಇಲ್ಲಿಯೇ, ಯಾರನ್ನೂ ದೂರದೆ, ವಿವರಿಸಿದೆ.

ಮುಕ್ತಾಯ: ಮನೆಯಲ್ಲಿ ಈ ಕಾಯಿಲೆ ಇದ್ದರೆ ವೈದ್ಯರ ಸಲಹೆ ಪಡೆಯಬೇಕು; ರಕ್ತದೊತ್ತಡ ಹತೋಟಿಯಲ್ಲಿದ್ದರೆ ಮೂತ್ರಪಿಂಡಕ್ಕೆ ರಕ್ಷಣೆ. ಜೀನು ಬಂದವರೆಲ್ಲರಿಗೂ ಡಯಾಲಿಸಿಸ್ ಬೇಕಾಗುವುದಿಲ್ಲ.

ಅವಲೋಕನ: ನನ್ನ ಯೋಜನೆಯಲ್ಲಿ "ನಿಮ್ಮ ಮನೆತನದ ವಂಶವೃಕ್ಷ ಬರೆಯಿರಿ" ಎಂಬ ಮನೆಗೆಲಸವಿತ್ತು. ಆ ಪ್ರಶ್ನೆ ಕೇಳಿದ ಮೇಲೆ ಅದನ್ನು ಕೈಬಿಟ್ಟು ಕಾಲ್ಪನಿಕ ಕುಟುಂಬವೊಂದನ್ನು ಕೊಟ್ಟೆ. ಅವಳು ಯಾರ ಮನೆಯ ವಿಷಯ ಕೇಳಿದಳೆಂದು ನಾನು ವಿಚಾರಿಸಲಿಲ್ಲ. ಉತ್ತರ ಮಾತ್ರ ಇಡೀ ತರಗತಿಗೆ ಸರಿಯಾಗಿ ತಲುಪಬೇಕಿತ್ತು. ಮೂಡಲಗಿ, ಹುಕ್ಕೇರಿಯ ಶಾಲೆಗಳಲ್ಲಿ ಇದೇ ಘಟಕ ಬೋಧಿಸಲಿರುವ ಸಹಪಾಠಿಗಳು ಚೌಕಕ್ಕಿಂತ ಮೊದಲು ನಾಣ್ಯ ಹಿಡಿಯಲಿ.