ಬಳೆ ತೆಗೆಯಬೇಡಿ, ಬ್ಯಾಂಡನ್ನು ಸ್ವಲ್ಪ ಮೇಲೆ ಕಟ್ಟಿ

ಪ್ರಶ್ನೆ: ನನಗೆ 47 ವರ್ಷ. ಎತ್ತರ 5 ಅಡಿ 2 ಅಂಗುಲ, ತೂಕ 74 ಕೆ.ಜಿ. ಖಾಸಗಿ ಕಚೇರಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ, ದಿನವಿಡೀ ಕುರ್ಚಿಯೇ. ಮನೆಯಲ್ಲಿ ಯಜಮಾನರು, ಅತ್ತೆ, ನಾನು. ಬಿ.ಪಿ.ಗೆ ಮಾತ್ರೆ ತೆಗೆದುಕೊಳ್ಳುತ್ತೇನೆ. ಹೋದ ತಿಂಗಳು ಎಚ್‌ಬಿಎ1ಸಿ 6.1 ಬಂತು. ತೂಕ ಇಳಿಸದಿದ್ದರೆ ಶುಗರ್ ಮಾತ್ರೆಯೂ ಶುರುವಾಗುತ್ತದೆ ಎಂದು ಡಾಕ್ಟರ್ ಹೇಳಿದ್ದಾರೆ. ಬೆಂಗಳೂರಿನಲ್ಲಿರುವ ಮಗಳು ಆ್ಯಪಲ್ ವಾಚ್ ಕಳಿಸುತ್ತೇನೆ ಅನ್ನುತ್ತಾಳೆ. ನನ್ನ ಫೋನ್ ಆಂಡ್ರಾಯ್ಡ್. ಯಜಮಾನರು 'ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು' ಎಂದು ನಗುತ್ತಾರೆ. ಎರಡೂ ಕೈಯಲ್ಲಿ ಗಾಜಿನ ಬಳೆ ಇದೆ, ತೆಗೆಯುವುದು ನನಗೂ ಇಷ್ಟವಿಲ್ಲ, ಅತ್ತೆಗಂತೂ ಕೇಳಲೇಬೇಡಿ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ನನ್ನಿಂದ ಆಗುವ ಮಾತಲ್ಲ. ಎದುರು ಮನೆಯವರು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಎನ್ನುತ್ತಾರೆ. ಯಾವ ವಾಚ್ ಕೊಳ್ಳಲಿ? ಅದರಿಂದ ನಿಜವಾಗಿ ತೂಕ ಇಳಿಯುತ್ತದೆಯೇ?
— ಹೆಸರು ಬೇಡ, ಅಗ್ರಹಾರ, ಮೈಸೂರು

ಉತ್ತರ: ಮೊದಲು ಮಗಳಿಗೆ ಫೋನ್ ಮಾಡಿ. ಆ್ಯಪಲ್ ವಾಚ್ ಐಫೋನಿನ ಜೊತೆ ಮಾತ್ರ ಕೆಲಸ ಮಾಡುತ್ತದೆ, ನಿಮ್ಮ ಆಂಡ್ರಾಯ್ಡ್ ಫೋನಿಗೆ ಅದು ಜೋಡಣೆಯೇ ಆಗುವುದಿಲ್ಲ. ಅವಳು ಪ್ರೀತಿಯಿಂದ ಕಳಿಸಿ, ನೀವು ಡಬ್ಬಿಯನ್ನು ಬೀರುವಿನಲ್ಲಿಟ್ಟು, ಇಬ್ಬರಿಗೂ ಬೇಸರವಾಗುವುದು ಬೇಡ. ನಿಮಗೆ ಬೇಕಾಗಿರುವುದು ಎರಡು ಮೂರು ಸಾವಿರ ರೂಪಾಯಿಯೊಳಗೆ ಸಿಗುವ, ಕೈಗೆ ಹಗುರವಾದ ಬ್ಯಾಂಡ್. ಹೆಜ್ಜೆ ಎಣಿಸಬೇಕು, ಒಮ್ಮೆ ಚಾರ್ಜ್ ಮಾಡಿದರೆ ಒಂದು ವಾರವಾದರೂ ಬರಬೇಕು, ನೀರು ಬಿದ್ದರೆ ಕೆಡಬಾರದು, ಬಿಸಿಲಿನಲ್ಲಿ ಅಂಕಿ ಕಾಣಬೇಕು. ಪಾತ್ರೆ ತೊಳೆಯುವಾಗ, ಸ್ನಾನಕ್ಕೆ ಹೋಗುವಾಗ ಬಿಚ್ಚಿಟ್ಟ ವಾಚು ಮತ್ತೆ ಕೈಗೆ ಏರುವುದು ಅನುಮಾನ. ದಿನಾ ಚಾರ್ಜ್ ಕೇಳುವ ದುಬಾರಿ ವಾಚುಗಳು ಹೆಚ್ಚಾಗಿ ಮೂಲೆ ಸೇರುವುದು ಹೀಗೆಯೇ.

ಇನ್ನು ನಿಮ್ಮ ದೊಡ್ಡ ಪ್ರಶ್ನೆ. ಬ್ಯಾಂಡ್ ಕಟ್ಟಿಕೊಂಡರೆ ತೂಕ ಇಳಿಯುತ್ತದೆಯೇ? ಕಟ್ಟಿಕೊಂಡಷ್ಟಕ್ಕೇ ಇಳಿಯುವುದಿಲ್ಲ. ಇದನ್ನು ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದವರು 471 ಯುವಕ ಯುವತಿಯರ ಮೇಲೆ ಎರಡು ವರ್ಷ ಪರೀಕ್ಷಿಸಿ, 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಎಲ್ಲರಿಗೂ ಊಟ, ವ್ಯಾಯಾಮದ ಸಲಹೆ ಒಂದೇ. ಆರು ತಿಂಗಳ ನಂತರ ಅರ್ಧ ಜನರಿಗೆ ಮೈಮೇಲೆ ಧರಿಸುವ ಟ್ರ್ಯಾಕರ್ ಕೊಟ್ಟರು, ಉಳಿದವರು ತಾವೇ ಲೆಕ್ಕ ಬರೆದಿಟ್ಟುಕೊಂಡರು. ಎರಡು ವರ್ಷದ ಕೊನೆಗೆ ಟ್ರ್ಯಾಕರ್ ಇದ್ದವರು ಸರಾಸರಿ 3.5 ಕೆ.ಜಿ. ಇಳಿದಿದ್ದರೆ, ಇಲ್ಲದವರು 5.9 ಕೆ.ಜಿ. ಇಳಿದಿದ್ದರು. ಯಂತ್ರವಿದ್ದವರೇ ಹಿಂದೆ ಬಿದ್ದರು! ಕಾರಣವೇನೆಂದು ಆ ಅಧ್ಯಯನ ಖಚಿತವಾಗಿ ಹೇಳುವುದಿಲ್ಲ. ನನ್ನ ಊಹೆ ಇಷ್ಟು: 'ಇವತ್ತು ಇಷ್ಟು ನಡೆದಿದ್ದೇನಲ್ಲ' ಎಂಬ ಧೈರ್ಯಕ್ಕೆ ಒಂದು ಬಜ್ಜಿ ಜಾಸ್ತಿ ತಟ್ಟೆಗೆ ಬೀಳುತ್ತದೆ.

ಆ ಧೈರ್ಯಕ್ಕೆ ಮೂಲ, ಬ್ಯಾಂಡ್ ತೋರಿಸುವ 'ಕ್ಯಾಲೊರಿ ಖರ್ಚು' ಎಂಬ ಅಂಕಿ. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಆಗ ಹೆಸರಾಗಿದ್ದ ಏಳು ಉಪಕರಣಗಳನ್ನು 60 ಜನರ ಕೈಗೆ ಕಟ್ಟಿ ನೋಡಿದರು. ಏಳರಲ್ಲಿ ಆರು, ಹೃದಯ ಬಡಿತವನ್ನು ಶೇ 5ರೊಳಗಿನ ವ್ಯತ್ಯಾಸದಲ್ಲಿ ಹೇಳಿದವು. ಕ್ಯಾಲೊರಿಯಲ್ಲಿ ಮಾತ್ರ ಅತ್ಯುತ್ತಮವೆನಿಸಿದ್ದೂ ಸರಾಸರಿ ಶೇ 27ರಷ್ಟು ತಪ್ಪಿತು, ಅತ್ಯಂತ ಕಳಪೆಯದು ಶೇ 93ರಷ್ಟು! ಯಂತ್ರಗಳು ಆಮೇಲೆ ಸುಧಾರಿಸಿರಬಹುದು, ಆದರೂ ಆ ಅಂಕಿ ಅಂದಾಜೇ. ನಿಮ್ಮ ಎತ್ತರ, ತೂಕ, ವಯಸ್ಸು, ಕೈಯ ಅಲುಗಾಟ ಇವನ್ನೆಲ್ಲ ಕೂಡಿಸಿ ಅದು ಲೆಕ್ಕ ಹಾಕುತ್ತದೆ. ಆ ಪುಟವನ್ನು ಪರದೆಯಿಂದ ತೆಗೆದುಹಾಕಲು ಮಗಳಿಗೆ ಹೇಳಿ. ಮುಚ್ಚಿಟ್ಟರೇ ಒಳ್ಳೆಯದು.

ನೀವು ಲೆಕ್ಕ ಬರೆಯುವವರು, ನಿಮ್ಮ ಭಾಷೆಯಲ್ಲೇ ಹೇಳುತ್ತೇನೆ. ನಿಮ್ಮ ತೂಕದವರು ಒಂದು ಗಂಟೆ ಚುರುಕಾಗಿ ನಡೆದರೆ ಸುಮಾರು 250 ಕ್ಯಾಲೊರಿ ಖರ್ಚು. ಅದರಲ್ಲಿ 70ರಷ್ಟು ನೀವು ಸುಮ್ಮನೆ ಕೂತಿದ್ದರೂ ಆಗುತ್ತಿತ್ತು, ಹಾಗಾಗಿ ನಿವ್ವಳ 180. ಈಗ ಅಡುಗೆಮನೆಗೆ ಬನ್ನಿ. ಮೂರು ಜನರ ಮನೆಗೆ ತಿಂಗಳಿಗೆ ಎಷ್ಟು ಎಣ್ಣೆ ತರುತ್ತೀರಿ? ನಾಲ್ಕು ಲೀಟರ್ ಅಂದುಕೊಳ್ಳೋಣ. ತಲೆಗೆ ದಿನಕ್ಕೆ 40 ಗ್ರಾಂ ಆಯಿತು, ಗ್ರಾಂಗೆ 9ರಂತೆ 360 ಕ್ಯಾಲೊರಿ. ಅದನ್ನು ಮೂರು ಲೀಟರಿಗೆ ಇಳಿಸಿದರೆ ದಿನಕ್ಕೆ 90 ಉಳಿಯಿತು, ಒಗ್ಗರಣೆಗೇನೂ ಕೊರತೆಯಾಗುವುದಿಲ್ಲ. ಕಾಫಿ ನಾಲ್ಕು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ ಎಂದಾದರೆ 40 ಗ್ರಾಂ, 160 ಕ್ಯಾಲೊರಿ. ಒಂದೊಂದು ಚಮಚಕ್ಕೆ ಇಳಿಸಿ, 80 ಉಳಿಯಿತು. ಎರಡೂ ಸೇರಿ 170. ಚಪ್ಪಲಿ ಮೆಟ್ಟದೆ ಒಂದು ಗಂಟೆ ನಡೆದಷ್ಟೇ ಆಯಿತಲ್ಲ!

ನಡಿಗೆಯೂ ಸೇರಿದರೆ ದಿನಕ್ಕೆ 350. ದೇಹದ ಒಂದು ಕೆ.ಜಿ. ಕೊಬ್ಬಿಗೆ ಸುಮಾರು 7,700 ಕ್ಯಾಲೊರಿ ಎಂದು ಹಿಡಿದರೆ, ಕಾಗದದ ಮೇಲೆ 22 ದಿನಕ್ಕೆ ಒಂದು ಕೆ.ಜಿ. ವಾಸ್ತವದಲ್ಲಿ ಇಷ್ಟು ಬೇಗ ಆಗದು. ತೂಕ ಇಳಿದಂತೆ ದೇಹವೂ ಖರ್ಚನ್ನು ಬಿಗಿ ಮಾಡುತ್ತದೆ, ನಡುವೆ ಹಬ್ಬಗಳು ಬರುತ್ತವೆ, ಮದುವೆ ಊಟ ಬರುತ್ತದೆ. ಆರು ತಿಂಗಳಲ್ಲಿ ನಾಲ್ಕೈದು ಕೆ.ಜಿ. ಎಂದು ಗುರಿ ಇಟ್ಟುಕೊಳ್ಳಿ. ನಿಮ್ಮ ಬಿಎಂಐ 30ರ ಹತ್ತಿರವಿದೆ, ಭಾರತೀಯರಿಗೆ 23 ದಾಟಿದರೇ ಹೆಚ್ಚು. ಹಾಗೆಂದು ಕಾಲೇಜಿನಲ್ಲಿದ್ದಾಗಿನ ತೂಕಕ್ಕೆ ಮರಳಬೇಕಿಲ್ಲ. ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಶುಗರ್ ಹೊಸ್ತಿಲಲ್ಲಿದ್ದವರಿಗೆ ಶೇ 7ರಷ್ಟು ತೂಕ ಇಳಿಸುವ ಗುರಿಯನ್ನೂ ವಾರಕ್ಕೆ 150 ನಿಮಿಷದ ನಡಿಗೆಯನ್ನೂ ಹೇಳಿಕೊಟ್ಟಾಗ, ಮಧುಮೇಹಕ್ಕೆ ಜಾರಿದವರ ಪ್ರಮಾಣ ಶೇ 58ರಷ್ಟು ತಗ್ಗಿತು. ನಿಮ್ಮ ಲೆಕ್ಕದಲ್ಲಿ ಶೇ 7 ಎಂದರೆ ಐದು ಕೆ.ಜಿ.

ಹಾಗಾದರೆ ಬ್ಯಾಂಡ್ ಯಾಕೆ? ಕೂತೇ ಇದ್ದೇವೆ ಎಂಬುದು ಕೂತವರಿಗೆ ಗೊತ್ತಾಗುವುದಿಲ್ಲ, ಅದಕ್ಕೆ. 'ಬೆಳಗಿನಿಂದ ಒಂದೇ ಸಮನೆ ಓಡಾಟ' ಎನ್ನುವ ನಮ್ಮ ಮಾತನ್ನು ಸಂಜೆ ಒಂದು ಅಂಕಿಯ ಎದುರಿಗಿಟ್ಟು ನೋಡಬಹುದು. ನೆನಪಿಸುವವರಿದ್ದರೆ ಮನುಷ್ಯ ಬದಲಾಗುತ್ತಾನೆ ಎಂಬುದಕ್ಕೆ ನಮ್ಮ ದೇಶದ್ದೇ ಸಾಕ್ಷಿ ಇದೆ. ಚೆನ್ನೈನ ಡಾ. ಎ. ರಾಮಚಂದ್ರನ್ ಅವರ ತಂಡ, ಶುಗರ್ ಬರುವ ಸಾಧ್ಯತೆ ಹೆಚ್ಚಿದ್ದ 537 ಗಂಡಸರಲ್ಲಿ ಅರ್ಧದಷ್ಟು ಮಂದಿಗೆ ಎರಡು ವರ್ಷ ಮೊಬೈಲಿಗೆ ಬರೀ ಎಸ್‌ಎಂಎಸ್ ಕಳಿಸಿತು. ಸಂದೇಶ ಬಂದವರಲ್ಲಿ ಶೇ 18 ಮಂದಿಗೆ ಮಧುಮೇಹ ಬಂತು, ಬಾರದವರಲ್ಲಿ ಶೇ 27. 2013ರಲ್ಲಿ ಇದು ಪ್ರಕಟವಾಯಿತು. ನಿಮ್ಮ ಮಗಳು ದಿನಾ ರಾತ್ರಿ 'ಅಮ್ಮಾ, ಇವತ್ತು ಎಷ್ಟು?' ಎಂದು ಒಂದು ವಾಟ್ಸ್ಆ್ಯಪ್ ಹಾಕಿದರೆ, ಅವಳು ಕೊಡಿಸಬೇಕೆಂದಿರುವ ವಾಚಿಗಿಂತ ಹೆಚ್ಚು ಉಪಕಾರವಾಗುತ್ತದೆ ಎಂದು ನನ್ನ ನಂಬಿಕೆ.

ಬಳೆಯ ವಿಷಯಕ್ಕೆ ಬರುತ್ತೇನೆ, ನಿಮ್ಮ ಪತ್ರದಲ್ಲಿ ನನಗೆ ತುಂಬ ಹಿಡಿಸಿದ್ದು ಅದೇ. ವಾಚ್ ಕಂಪನಿಗಳ ಜಾಹೀರಾತಿನಲ್ಲಿ ಬಳೆ ತೊಟ್ಟ ಕೈ ಎಲ್ಲಿ ಕಾಣುತ್ತದೆ, ಹೇಳಿ. ಬ್ಯಾಂಡಿನ ಹಿಂಬದಿಯಲ್ಲಿ ಮಿನುಗುವ ಹಸಿರು ಬೆಳಕು ಚರ್ಮದೊಳಗೆ ಹೋಗುತ್ತದೆ, ರಕ್ತ ಅದನ್ನು ಹೀರಿಕೊಳ್ಳುತ್ತದೆ, ಪ್ರತಿ ಬಡಿತಕ್ಕೂ ಹೀರುವ ಪ್ರಮಾಣ ಏರಿಳಿಯುವುದರಿಂದ ನಾಡಿ ಗೊತ್ತಾಗುತ್ತದೆ. ಬಳೆ ತಾಗಿ ಬ್ಯಾಂಡ್ ಜಾರಿದರೆ ಹೊರಗಿನ ಬೆಳಕು ನುಗ್ಗಿ ಲೆಕ್ಕ ಕೆಡುತ್ತದೆ. ಅದಕ್ಕೆ ಎಡಗೈಯಲ್ಲಿ ಬಳೆಗಳನ್ನು ಅಂಗೈ ಕಡೆಗೆ ಬಿಟ್ಟು, ಅವುಗಳ ಹಿಂದೆ, ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳು ಮೇಲೆ ಬ್ಯಾಂಡ್ ಕಟ್ಟಿ. ಒಂದು ಕಿರುಬೆರಳು ತೂರುವಷ್ಟು ಸಡಿಲವಿರಲಿ. ಅಲ್ಲಿ ಮಾಂಸ ಹೆಚ್ಚು, ಬೆಳಕಿಗೆ ಅದೇ ಅನುಕೂಲ. ಪಟ್ಟಿಯ ಉದ್ದ ಸಾಲುತ್ತದೆಯೇ ಎಂದು ಅಂಗಡಿಯಲ್ಲೇ, ಬಳೆ ತೊಟ್ಟೇ ನೋಡಿ. ನಿಮಗೆ ಗಿಲೀಟಿನ ಒಡವೆ ತೊಟ್ಟರೆ ತುರಿಕೆ ಬರುವುದಿದ್ದರೆ ಲೋಹದ ಪಟ್ಟಿ, ಲೋಹದ ಕೊಂಡಿ ಬೇಡ. 2014ರಲ್ಲಿ ಫಿಟ್‌ಬಿಟ್ ಕಂಪನಿ ತನ್ನ 'ಫೋರ್ಸ್' ಎಂಬ ಬ್ಯಾಂಡನ್ನು ಚರ್ಮದ ಅಲರ್ಜಿಯ ದೂರುಗಳಿಂದಾಗಿ ಮಾರುಕಟ್ಟೆಯಿಂದಲೇ ವಾಪಸ್ ಪಡೆದಿತ್ತು.

ಹೆಜ್ಜೆ ಎಣಿಕೆಯಲ್ಲೂ ಮೋಸವಿದೆ. ಬ್ಯಾಂಡ್ ಎಣಿಸುವುದು ಕಾಲನ್ನಲ್ಲ, ಕೈಯ ಬೀಸನ್ನು. ಭಜನೆಯಲ್ಲಿ ಕೂತು ಚಪ್ಪಾಳೆ ತಟ್ಟಿ, ಚಪಾತಿ ಲಟ್ಟಿಸಿ, ಕೂತಲ್ಲೇ ಕೆಲವು ಹೆಜ್ಜೆ ಜಮಾ ಆಗಬಹುದು. ಅದೇ ವಾಣಿವಿಲಾಸ ಮಾರುಕಟ್ಟೆಯಿಂದ ಎರಡೂ ಕೈಯಲ್ಲಿ ತರಕಾರಿ ಚೀಲ ಹಿಡಿದು ಮನೆ ತನಕ ನಡೆದು ಬನ್ನಿ, ಕೈ ಬೀಸದ ಕಾರಣ ನಿಜವಾದ ನಡಿಗೆಯೇ ಲೆಕ್ಕಕ್ಕೆ ಸಿಗದೆ ಹೋಗಬಹುದು. ಒಂದು ದಿನದ ಅಂಕಿಗೆ ಬೆಲೆ ಕೊಡಬೇಡಿ, ವಾರದ ಸರಾಸರಿ ನೋಡಿ. ನಿಮ್ಮ ತಪ್ಪುಗಳು ವಾರವಾರವೂ ಹೆಚ್ಚುಕಡಿಮೆ ಒಂದೇ ಆಗಿರುತ್ತವೆ, ಹಾಗಾಗಿ ಏರಿತೋ ಇಳಿಯಿತೋ ಎಂಬುದು ನಿಜವೇ ಆಗಿರುತ್ತದೆ.

ಹತ್ತು ಸಾವಿರದ ಭಯ ಬಿಡಿ. ಅದು ಯಾವ ವೈದ್ಯರೂ ಅಳೆದು ಹೇಳಿದ್ದಲ್ಲ. 1965ರಲ್ಲಿ ಜಪಾನಿನ ಕಂಪನಿಯೊಂದು ಸೊಂಟಕ್ಕೆ ಸಿಕ್ಕಿಸುವ ಹೆಜ್ಜೆ ಎಣಿಕೆಯ ಯಂತ್ರಕ್ಕೆ ಆ ಸಂಖ್ಯೆಯನ್ನೇ ಹೆಸರಾಗಿಟ್ಟು ಮಾರಿತು, ಸಂಖ್ಯೆ ಜಗತ್ತಿಗೆಲ್ಲ ಅಂಟಿಕೊಂಡಿತು. 2019ರಲ್ಲಿ ಹಾರ್ವರ್ಡಿನ ಐ-ಮಿನ್ ಲೀ ಅವರ ತಂಡ ಸರಾಸರಿ 72 ವರ್ಷದ ಹದಿನಾರು ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಗಮನಿಸಿದಾಗ, ದಿನಕ್ಕೆ 4,400 ಹೆಜ್ಜೆ ಹಾಕಿದವರಲ್ಲೇ ಸಾವಿನ ಪ್ರಮಾಣ ಗಣನೀಯವಾಗಿ ಕಡಿಮೆ ಇತ್ತು, 7,500ರ ನಂತರ ಹೆಚ್ಚಿನ ಲಾಭ ಕಾಣಲಿಲ್ಲ. ಅದು ಆಯುಸ್ಸಿನ ಲೆಕ್ಕ, ತೂಕದ್ದಲ್ಲ, ಆದರೂ ನಿಮಗೆ ಸಮಾಧಾನವಾಗಲಿ ಎಂದು ಹೇಳಿದೆ. ಮೊದಲ ವಾರ ಏನೂ ಬದಲಿಸದೆ ಬರೀ ಎಣಿಸಿ. ಮೂರು ಸಾವಿರ ಬಂತೇ? ಮುಂದಿನ ಎರಡು ವಾರ ನಾಲ್ಕು ಸಾವಿರ. ಹತ್ತು ನಿಮಿಷದ ಚುರುಕು ನಡಿಗೆಗೆ ಸುಮಾರು ಒಂದು ಸಾವಿರ ಹೆಜ್ಜೆ. ರಾತ್ರಿ ಊಟವಾದ ಮೇಲೆ ಯಜಮಾನರನ್ನೂ ಎಬ್ಬಿಸಿಕೊಂಡು ನೂರೊಂದು ಗಣಪತಿ ದೇವಸ್ಥಾನದವರೆಗೆ ಹೋಗಿ ಬನ್ನಿ. ಊಟದ ನಂತರದ ನಡಿಗೆ ಶುಗರಿಗೆ ವಿಶೇಷವಾಗಿ ಒಳ್ಳೆಯದು, ನಕ್ಕವರಿಗೂ ವ್ಯಾಯಾಮವಾಗುತ್ತದೆ. ಭಾನುವಾರ ಬೇಕಾದರೆ ಕುಕ್ಕರಹಳ್ಳಿ ಕೆರೆ ಏರಿ.

ಚಾಮುಂಡಿ ಬೆಟ್ಟ ಈಗಲೇ ಬೇಡ. ಸಾವಿರ ಮೆಟ್ಟಿಲು ಹತ್ತುವಾಗ ಎದೆಗೆ ಭಾರ, ಇಳಿಯುವಾಗ ಮೊಣಕಾಲಿಗೆ. 74 ಕೆ.ಜಿ.ಯಲ್ಲಿ ಇಳಿಯುವುದೇ ಹೆಚ್ಚು ಕಷ್ಟ. ಮೂರು ತಿಂಗಳ ನಡಿಗೆಯ ನಂತರ, ಡಾಕ್ಟರ್ ಒಪ್ಪಿದರೆ, ನಿಧಾನವಾಗಿ ಹತ್ತಿ, ನಂದಿಯ ಹತ್ತಿರ ಕೂತು ಸುಧಾರಿಸಿಕೊಳ್ಳಿ, ಇಳಿಯಲು ಮೇಲಿನಿಂದ 201ನೇ ನಂಬರ್ ಬಸ್ ಹಿಡಿಯಿರಿ.

ಬಿ.ಪಿ. ಮಾತ್ರೆ ಅಂದಿರಲ್ಲ, ಅದರ ಹೆಸರನ್ನು ಡಾಕ್ಟರ ಬಳಿ ಕೇಳಿ. ಅಟೆನೊಲಾಲ್, ಮೆಟೊಪ್ರೊಲಾಲ್ ಜಾತಿಯದಾದರೆ ಅದು ಹೃದಯ ಬಡಿತವನ್ನು ತಗ್ಗಿಸಿಯೇ ಇಡುತ್ತದೆ. ಬ್ಯಾಂಡ್ ಹೇಳುವ 'ಕೊಬ್ಬು ಕರಗುವ ವಲಯ' ಮುಟ್ಟಲೆಂದು ಏದುಸಿರು ಬಿಡುತ್ತಾ ಓಡಿ ತಲೆಸುತ್ತು ತಂದುಕೊಳ್ಳಬೇಡಿ. ಪಕ್ಕದವರ ಜೊತೆ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು, ಅಷ್ಟು ವೇಗ ಸಾಕು.

ಅಂಗಡಿಯವನು ಇನ್ನೊಂದು ಸಾವಿರ ಕೊಟ್ಟರೆ ಶುಗರನ್ನೂ ತೋರಿಸುವ ವಾಚು ಇದೆ ಎನ್ನಬಹುದು, ನಿಮ್ಮಂಥವರೇ ಅದಕ್ಕೆ ಬೇಗ ಮರುಳಾಗುವುದು. ಚರ್ಮ ಚುಚ್ಚದೆ ತಾನೇ ಸಕ್ಕರೆ ಅಳೆಯುವ ವಾಚು, ಉಂಗುರ ಯಾವುದಕ್ಕೂ ತಾನು ಅನುಮತಿ ಕೊಟ್ಟಿಲ್ಲ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರುವರಿಯಲ್ಲೇ ಎಚ್ಚರಿಸಿದೆ. ಅಂಥದ್ದನ್ನು ನಂಬಿ ಮಾತ್ರೆ ಹೆಚ್ಚುಕಡಿಮೆ ಮಾಡುವವರಿದ್ದಾರೆ. ಬ್ಯಾಂಡ್ ಕೊಡುವ ನಿದ್ದೆಯ ಅಂಕವನ್ನೂ ಬೆಳಗೆದ್ದು ನೋಡಬೇಡಿ, ಚೆನ್ನಾಗಿ ಮಲಗಿದವರನ್ನೂ ಅದು ಚಿಂತೆಗೆ ಹಚ್ಚುತ್ತದೆ.

ಕೊಳ್ಳುವ ಮುಂಚೆ ಹದಿನೈದು ದಿನ ನಿಮ್ಮ ಫೋನಿನಲ್ಲೇ ಹೆಜ್ಜೆ ಎಣಿಸುವ ಆ್ಯಪ್ ಹಾಕಿಕೊಂಡು ನೋಡಬಹುದು, ದುಡ್ಡಿಲ್ಲ. ಆದರೆ ಮನೆಯೊಳಗೆ ಫೋನು ಫ್ರಿಜ್ಜಿನ ಮೇಲೆ, ನೀವು ಒಲೆಯ ಮುಂದೆ. ಅರ್ಧ ದಿನ ಅದಕ್ಕೆ ನೀವು ಕಾಣುವುದೇ ಇಲ್ಲ. ಅದಕ್ಕಾಗಿ ಬ್ಯಾಂಡ್ ಕೊಳ್ಳಿ ಎನ್ನುತ್ತಿದ್ದೇನೆ. ಮಗಳ ದುಡ್ಡು ಉಳಿದರೆ ಎರಡು ಜೊತೆ ಒಳ್ಳೆಯ ನಡಿಗೆಯ ಶೂ ಕೇಳಿ, ಒಂದು ಅವಳ ಅಪ್ಪನಿಗೆ. ಜೊತೆಗೆ ಹೊಲಿಗೆಯ ಟೇಪು ಮನೆಯಲ್ಲಿದ್ದೇ ಇರುತ್ತದೆ, ತಿಂಗಳಿಗೊಮ್ಮೆ ಹೊಕ್ಕುಳ ಮಟ್ಟದಲ್ಲಿ ಸುತ್ತಳತೆ ಬರೆದಿಡಿ. ಹೆಂಗಸರಿಗೆ 80 ಸೆಂ.ಮೀ. ಮಿತಿ. ತೂಕದ ಮುಳ್ಳು ಅಲುಗದ ತಿಂಗಳಲ್ಲೂ ಅದು ಒಂದೆರಡು ಸೆಂ.ಮೀ. ಇಳಿದಿರಬಹುದು.

ಎಚ್‌ಬಿಎ1ಸಿ ಹಿಂದಿನ ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುತ್ತದೆ. ಹಾಗಾಗಿ ಮುಂದಿನ ತಿಂಗಳೇ ಮಾಡಿಸಿ ನಿರಾಶರಾಗಬೇಡಿ, ಮೂರು ತಿಂಗಳು ಬಿಟ್ಟು ಮಾಡಿಸಿ. ಡಾಕ್ಟರ ಬಳಿ ಹೋಗುವಾಗ ವಾರವಾರದ ಹೆಜ್ಜೆ ಸರಾಸರಿ, ಸುತ್ತಳತೆ, ತಿಂಗಳಿಗೆ ತಂದ ಎಣ್ಣೆಯ ಲೀಟರು, ಈ ಮೂರನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಲೆಕ್ಕ ಬರೆಯುವುದು ನಿಮಗೆ ಹೇಳಿಕೊಡಬೇಕಿಲ್ಲ.